ಎಡಗೈಗೆ ಪಾಠ ಹೇಳಿದ ಅತ್ತೆ

ನಮ್ಮ ಸೋದರತ್ತೆಯ ಮನೆಯಲ್ಲಿ ಬರಿಯ ಚಹಾ ಕುಡಿದು ಎದ್ದು ಬಂದವರು ಸೇಡಂ ಪಟ್ಟಣದಲ್ಲಿ ಇನ್ನೂ ಹುಟ್ಟಿಲ್ಲ! ಚಹಾದ ಜೊತೆ ನರಕೋಶದ ಪಾಠವನ್ನೂ ಕುಡಿಯಲೇಬೇಕು. ಹಾಲು ಹಾಕುವವನಿಂದ ಹಿಡಿದು ಕರೆಂಟಿನ ಮೀಟರ್ ನೋಡಲು ಬರುವವನವರೆಗೆ ಯಾರಿಗೂ ವಿನಾಯಿತಿಯಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು ಅವರು. ನಿವೃತ್ತಿಯ ಆದೇಶ ಕೈಗೆ ಬಂದಿದೆ, ಬಾಯಿಗೆ ಇನ್ನೂ ತಲುಪಿಲ್ಲ.

ಮೊದಲು ಹೀಗಿರಲಿಲ್ಲ. ಅಂದರೆ ಪಾಠ ಇತ್ತು, ಆದರೆ ಒಂದು ದಿನ ಗ್ರಹಣ, ಒಂದು ದಿನ ಎರೆಹುಳು ಎಂದು ಬದಲಾಗುತ್ತಿತ್ತು. ಎರಡು ವರ್ಷದ ಹಿಂದೆ ಮಾವನಿಗೆ ಲಕ್ವಾ ಹೊಡೆದು ಎಡಗೈ ಸ್ವಾಧೀನ ತಪ್ಪಿತು. ಅಂದಿನಿಂದ ಒಂದೇ ಪಾಠ. ನೋಡಲು ಬಂದವರೆಲ್ಲ, ಪುಣ್ಯಕ್ಕೆ ಎಡಗೈ, ಊಟಕ್ಕೂ ಸಹಿಗೂ ಬಲಗೈ ಇದೆಯಲ್ಲ ಎಂದು ಸಮಾಧಾನ ಹೇಳಿದರು. ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅದು ಅವರು ಇಷ್ಟಲಿಂಗ ಹಿಡಿಯುವ ಕೈ. ಬುದ್ಧಿ ಬಂದಾಗಿನಿಂದ ಒಂದು ದಿನವೂ ತಪ್ಪದೆ ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿದ ಮನುಷ್ಯ ಅವರು. ಪೀಠದ ಮೇಲಿಟ್ಟು ಮಾಡಿ ಎಂದರೆ ಒಪ್ಪಲಿಲ್ಲ. ಕೈಯಿಂದ ಜಾರಿ ಬಿದ್ದರೇನು ಗತಿ ಎಂಬ ಭಯ ಬೇರೆ. ಈ ಕೈ ಇನ್ನು ಇಷ್ಟೇ ಎಂದರು ಡಾಕ್ಟರು. ಅತ್ತೆ ಆ ಡಾಕ್ಟರಿಗೇ ಪಾಠ ಶುರು ಮಾಡಿದರು!

ಪಾಠ ಸರಳವಾಗಿಯೇ ಇದೆ. ಒಂದು ನರಕೋಶ ಇನ್ನೊಂದನ್ನು ಮುಟ್ಟಿಕೊಂಡಿರುವುದಿಲ್ಲ, ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು. ಸುದ್ದಿ ಈ ತುದಿಗೆ ಬಂದೊಡನೆ ಬಾಗಿಲು ತೆರೆದು ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದು ಬಂದರಷ್ಟೇ ರಾಸಾಯನಿಕದ ಪುಟ್ಟ ಚೀಲಗಳು ಬಾಯಿ ಬಿಚ್ಚಿ ಸಂದಿಗೆ ಸುರಿದು, ಆ ಕಡೆಯ ಕೋಶಕ್ಕೆ ಸುದ್ದಿ ಮುಟ್ಟುತ್ತದೆ. "ವಾಡಿಯಿಂದ ಶಹಾಬಾದ್ ತನಕ ಸುಣ್ಣದ ಕಲ್ಲಿನ ಮ್ಯಾಲೇ ಕುಂತೀವಿ, ನಮಗೇ ಕ್ಯಾಲ್ಸಿಯಂ ಗೊತ್ತಿಲ್ಲಂದ್ರ ಹ್ಯಾಂಗ?" ಎಂಬುದು ಪಾಠದ ಕೊನೆಯ ವಾಕ್ಯ.

ಈ ವಾಕ್ಯವನ್ನು ಎದುರುಮನೆಯ ಆಯಿ ಬಹಳ ಮನಸ್ಸಿಗೆ ಹಚ್ಚಿಕೊಂಡರು. ಮರೆವು ಹೆಚ್ಚಾಗಿದೆ ಎಂಬ ಕೊರಗು ಆ ಮುದುಕಿಗೆ. ಮರುದಿನ ವೀಳ್ಯದೆಲೆಗೆ ಮೂರು ಪಟ್ಟು ಸುಣ್ಣ ಬಳಿದು ಅಗಿದರು. ನೆನಪು ಬಂತೋ ಇಲ್ಲವೋ, ಬಾಯೆಲ್ಲ ಬೊಬ್ಬೆ ಎದ್ದಿತು! ಅತ್ತೆ ತಪ್ಪೊಪ್ಪಿಕೊಂಡರೆ? ಎಲ್ಲಿಯ ಮಾತು! ಮಜ್ಜಿಗೆಯ ಲೋಟ ಹಿಡಿದು ಹೋಗಿ ಎರಡನೆಯ ಪಾಠ ಮಾಡಿ ಬಂದರು. ತಿಂದ ಸುಣ್ಣ ನೆಟ್ಟಗೆ ಮಿದುಳಿಗೆ ಹೋಗುವುದಿಲ್ಲ. ಕೋಶದೊಳಗೆ ಕ್ಯಾಲ್ಸಿಯಂ ಬೀಗರಿದ್ದ ಹಾಗೆ, ಬಂದ ಕೆಲಸ ಮುಗಿಸಿ ಹೊರಡಬೇಕು, ಅಲ್ಲೇ ಬೀಡುಬಿಟ್ಟರೆ ಕೋಶಕ್ಕೇ ಕೇಡು. ಆಯಿಗೆ ಬಾಯಿ ತೆರೆಯಲಾಗದಷ್ಟು ಉರಿ. ಮರುಮಾತಾಡದ ಇಂಥ ವಿದ್ಯಾರ್ಥಿ ಅತ್ತೆಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಆದರೆ ಅತ್ತೆಗೆ ದಾರಿ ತೋರಿಸಿದ್ದೂ ಅದೇ ಆಯಿಯ ಬೋಗುಣಿ. ಆಯಿ ಅದರಲ್ಲಿ ಪುಂಡಿಪಲ್ಯ ಕಳಿಸಿದ್ದರು. ಇನ್ನೊಬ್ಬರ ಪಾತ್ರೆಯನ್ನು ಖಾಲಿ ಮರಳಿಸುವ ಪದ್ಧತಿ ನಮ್ಮಲ್ಲಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಬೆಲ್ಲದ ಚೂರು ಹಾಕುತ್ತಿದ್ದ ಅತ್ತೆ ಅಲ್ಲೇ ನಿಂತುಬಿಟ್ಟರು. ಸುದ್ದಿ ಪಡೆದ ಕೋಶವೂ ಸುಮ್ಮನಿರುವುದಿಲ್ಲವಂತೆ. ನರ ಬೆಳೆಸುವ ಒಂದು ಪ್ರೋಟೀನನ್ನು ಸುದ್ದಿ ಕಳಿಸಿದ ಕಡೆಗೇ ಹಿಂದಿರುಗಿಸುತ್ತದಂತೆ. ಹೀಗೆ ಕೊಟ್ಟು ತೆಗೆದುಕೊಂಡಷ್ಟೂ ಇಬ್ಬರ ನಂಟು ಗಟ್ಟಿಯಾಗುತ್ತದೆ. "ಬೋಗುಣಿ ಓಡಾಡ್ತಿರಬೇಕ್ರಿ. ನಿಂತ್ರ ನಂಟು ಒಣಗ್ತದ. ಕೈ ಆಡಿಸಿದಷ್ಟೂ ನರದಾಗ ಸುದ್ದಿ ಓಡಾಡ್ತದ," ಎಂದು ಮಾವನಿಗೆ ಹೇಳಿದವರು ಅಂದಿನಿಂದ ಆ ಕೈಗೆ ಬಿಡುವೇ ಕೊಡಲಿಲ್ಲ. ಬೆಳಿಗ್ಗೆ ತೊಗರಿಬೇಳೆಯ ಡಬ್ಬಿಯಲ್ಲಿ ಬೆರಳಾಡಿಸುವುದು, ಮಧ್ಯಾಹ್ನ ನಿಂಬೆಹಣ್ಣು ಹಿಡಿಯುವುದು, ಸಂಜೆ ಚಪಾತಿಯ ಹಿಟ್ಟು ನಾದುವುದು. ಮಾವ ನಾದಿದ ಹಿಟ್ಟಿನ ಚಪಾತಿಯನ್ನು ನಾನು ತಿಂದಿದ್ದೇನೆ. ಶಹಾಬಾದಿನ ಹಾಸುಗಲ್ಲು ನೆನಪಾಯಿತು ಎಂದಷ್ಟೇ ಹೇಳಬಲ್ಲೆ!

ಪೂಜೆಗೆ ಮಾತ್ರ ಬೇರೆ ಏರ್ಪಾಡು. ಮಾವನ ಎಡಗೈ ಕೆಳಗೆ ಅತ್ತೆ ತಮ್ಮ ಅಂಗೈ ಆನಿಸಿ ಕೂರುತ್ತಿದ್ದರು, ಮೇಲೆ ಮಾವನ ಅಂಗೈಯಲ್ಲಿ ಲಿಂಗ. ಆ ಧೈರ್ಯದ ಮೇಲೆಯೇ ಮಾವ ಮತ್ತೆ ಪೂಜೆಗೆ ಕೂತದ್ದು. ದಿನಾ ಅರ್ಧ ಗಂಟೆ, ಮಾತಿಲ್ಲದೆ! ಅತ್ತೆ ಅಷ್ಟು ಹೊತ್ತು ಬಾಯಿ ಮುಚ್ಚಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಳೆದ ಶ್ರಾವಣದ ಒಂದು ಸೋಮವಾರ ನಾನು ಅಲ್ಲಿದ್ದೆ. ಮಾವ ಲಿಂಗದ ಮೇಲೆ ದೃಷ್ಟಿ ನೆಟ್ಟಿದ್ದರು. ಅತ್ತೆ ಮೆಲ್ಲಗೆ ತಮ್ಮ ಕೈಯನ್ನು ಕೆಳಗಿಳಿಸಿದರು. ಮೊದಲು ಒಂದು ಬೆರಳಿನಷ್ಟು, ಆಮೇಲೆ ಒಂದು ಗೇಣು. ಬಿದ್ದರೆ ಹಿಡಿಯಲು ಅಲ್ಲೇ ಒಡ್ಡಿಕೊಂಡಿದ್ದರು. ಮಾವನ ಬೆರಳು ನಡುಗಿದವು, ಮಡಚಿಕೊಂಡವು. ಲಿಂಗ ಜಾರಲಿಲ್ಲ. ಅತ್ತೆಯ ಕಣ್ಣು ತುಂಬಿ ಬಂದವು, ನನ್ನವೂ.

ಮಾವ ಕಣ್ಣೆತ್ತದೆಯೇ ಕೇಳಿದರು, "ಕೈ ಯಾಕ ತಗದಿ?"

"ಇನ್ನ ಬೇಕಾಗಿಲ್ರಿ. ನೋಡ್ರಿ, ನೀವೇ ಹಿಡದೀರಿ."

"ಲಿಂಗಕ್ಕ ಬೇಕಾಗಿಲ್ಲ ಬಿಡು," ಎಂದರು ಮಾವ. "ನನಗ ಬೇಕು. ಇಡು."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೈಯನ್ನು ಮತ್ತೆ ಅಲ್ಲಿಯೇ ಇಟ್ಟರು. ಆ ದಿನದ ಪೂಜೆ ಒಂದು ಗಂಟೆ ನಡೆಯಿತು.