ಮಾವನ ಗಾಡಿಗೆ ಎರಡನೇ ಪ್ಲಗ್ಗು

ದಿನಾ ಬೆಳಿಗ್ಗೆ ನಮ್ಮ ಬೀದಿಯವರಿಗೆ ಒಂದು ಉಚಿತ ಪ್ರದರ್ಶನವಿರುತ್ತದೆ. ನನ್ನ ಹೆಂಡತಿ ಕುರ್ತಾದ ತೋಳು ಮಡಿಸಿಕೊಂಡು ಮೋಟಾರ್ ಸೈಕಲ್ಲನ್ನು ಒದ್ದು ಶುರು ಮಾಡುತ್ತಾಳೆ. ಆಮೇಲೆ ಅದನ್ನು ತರಕಾರಿ ಚೀಲ ಕೊಟ್ಟ ಹಾಗೆ ನನ್ನ ಕೈಗೆ ಕೊಟ್ಟು, ಹಿಂದೆ ಕೂರುತ್ತಾಳೆ. ಎದುರುಮನೆಯ ನಿವೃತ್ತ ಮೇಷ್ಟ್ರು ಪೇಪರಿನ ಮೇಲಿಂದ ಕಣ್ಣೆತ್ತಿ, "ಇವತ್ತೂ ಅವರೇನಾ?" ಅಂತ ಕೇಳುತ್ತಾರೆ. ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವುದು ಮೇಷ್ಟ್ರುಗಳ ವೃತ್ತಿಧರ್ಮ.

ಗಾಡಿ ನನ್ನ ಮಾವನವರದು. ಪ್ರಾಯದಲ್ಲಿ ಕೊಂಡು, ಮಗಳಿಗೆ ಅದರ ಮೇಲೇ ಸವಾರಿ ಕಲಿಸಿ, ಮಂಡಿನೋವು ಬಂದ ಮೇಲೆ ನಮ್ಮ ಮನೆಗೆ ಕಳಿಸಿದ್ದ ಒಂಟಿ ಸಿಲಿಂಡರಿನ ಗಜರಾಜ. ನಾನು ಎಷ್ಟು ಒದ್ದರೂ ಅದು ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು. ಮುಂದಿನ ಭಾನುವಾರ ಮಾವ ಬರುವವರಿದ್ದರು. ಅವರ ಕಣ್ಣೆದುರು ಒಂದೇ ಒಂದು ಸಲ ನಾನೇ ಶುರು ಮಾಡಿದರೆ ಸಾಕು, ಜೀವನದಲ್ಲಿ ಬೇರೇನೂ ಬೇಡ ಅನ್ನಿಸಿಬಿಟ್ಟಿತ್ತು.

ಆಗ ಹೊಳೆದದ್ದು ಇಂಜಿನ್ನಿಗೆ ಕಿಡಿ ಕೊಡುವ ಎರಡನೇ ಪ್ಲಗ್ಗು. ಒಂದು ಮೂಲೆಯಿಂದ ಕಿಡಿ ಕೊಟ್ಟರೆ ಪೆಟ್ರೋಲು ನಿಧಾನಕ್ಕೆ ಉರಿಯುತ್ತದೆ. ಎರಡೂ ಕಡೆಯಿಂದ ಕೊಟ್ಟರೆ ಬೇಗ ಉರಿಯುತ್ತದೆ. (ನಾನು ವಿಜ್ಞಾನದ ಪದವೀಧರ. ನಮ್ಮ ವಂಶದಲ್ಲೇ ಮೊದಲನೆಯವನು. ಇದನ್ನು ನಮ್ಮ ಬೀದಿಯಲ್ಲಿ ಇದುವರೆಗೆ ಯಾರೂ ಕೇಳಿಲ್ಲ.)

"ಅಪ್ಪನ ಗಾಡಿ ತಲೆಗೆ ತೂತು ಕೊರೆಸ್ತೀರಾ?" ಎಂದಳು ಹೆಂಡತಿ.

"ಇದಕ್ಕೆ ದ್ವಿಜ್ವಾಲಾ ವ್ಯವಸ್ಥೆ ಅಂತಾರೆ."

"ಏನಾದ್ರೂ ಅನ್ಲಿ. ತೊಂದರೆ ಗಾಡೀಲಿಲ್ಲ ರೀ. ಒದೆಯೋ ಕಾಲಲ್ಲಿದೆ."

ನಾನು ಕೇಳಲಿಲ್ಲ. ಸಿಲಿಂಡರ್ ಹೆಡ್ ಬಿಚ್ಚಿ ಲೇತ್ ಅಂಗಡಿಯಲ್ಲಿ ತೂತು ಕೊರೆಸಿ, ಇನ್ನೊಂದು ಕಾಯಿಲ್, ಇನ್ನೊಂದು ವೈರು ಜೋಡಿಸಿ ಪ್ಲಗ್ಗು ಕೂರಿಸಿದೆ. ಎರಡು ಪ್ಲಗ್ಗಿದ್ದರೆ ಬೆಂಕಿ ಬೇಗ ಹಬ್ಬುತ್ತದೆ, ಹಾಗಾಗಿ ಕಿಡಿ ಹಾರುವುದನ್ನು ಸ್ವಲ್ಪ ತಡ ಮಾಡಬೇಕು ಅಂತ ಓದಿದ್ದೆ. ಆದರೆ ಆ ಟೈಮಿಂಗು ಮಾವನವರು ಕೈಯಾರೆ ಕೂರಿಸಿದ್ದು. ಅವರ ಇಂಜಿನ್ನಿನ ತಲೆ ಕೊರೆಸುವಾಗ ಬಾರದ ಗೌರವ ಆಗ ಉಕ್ಕಿ ಬಂತು. ಮುಟ್ಟಲಿಲ್ಲ.

ಹೆಂಡತಿ ಒಳಗಿದ್ದಾಗ ಹಿತ್ತಲಲ್ಲಿ ಗಾಡಿಯನ್ನು ಒದ್ದೆ. ಗಾಡಿ ತಿರುಗಿ ಒದೆಯಿತು. ತಡ ಮಾಡದ ಕಿಡಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿ, ಒದೆಯುವ ಕಿಕ್ಕರ್ ಕಾಲಿಗೆ ಅಪ್ಪಳಿಸಿದ ರಭಸಕ್ಕೆ ನಾನು ಬಟ್ಟೆ ಒಣಹಾಕಿದ್ದ ತಂತಿಯ ಮೇಲೆ ಹಾರಿ, ದಿಂಬಿನ ಕವರುಗಳ ಸಮೇತ ನೆಲ ಸೇರಿದೆ.

"ಕಾಲಿಗೇನಾಯ್ತು?" ಎಂದಳು ಊಟಕ್ಕೆ ಕೂತಾಗ.

"ಮೆಟ್ಟಿಲು ಜಾರಿತು."

"ನಮ್ಮನೇಲಿ ಮೆಟ್ಟಿಲೇ ಇಲ್ವಲ್ಲ."

"ಆಫೀಸಿಂದು."

"ಇವತ್ತು ರಜಾ."

ಸುಳ್ಳಿಗೆ ಕಾಲೂರಲು ಎಲ್ಲೂ ಜಾಗ ಸಿಗದೆ ನೀರು ಕುಡಿದೆ. ಅವಳು ಮತ್ತೇನೂ ಕೇಳಲಿಲ್ಲ. ಆಗಲೇ ನನಗೆ ಸಂಶಯ ಬರಬೇಕಿತ್ತು.

ಮಾರನೇ ದಿನ ಅವಳು ಒದ್ದಾಗ ಒಂದೇ ಏಟಿಗೆ ಶುರುವಾಯಿತು. (ಮೊದಲೂ ಆಗುತ್ತಿತ್ತು. ಆದರೆ ಪದವೀಧರನ ಕಿವಿಗೆ ಈಗಿನ ಸದ್ದೇ ಬೇರೆ ಅನ್ನಿಸಿತು.) ಬಗ್ಗಿ ಪ್ಲಗ್ಗು ನೋಡೋಣವೆಂದರೆ ಕಾಲು ಬಗ್ಗಲಿಲ್ಲ. ವಾರವಿಡೀ ಮೇಷ್ಟ್ರಿಗೂ ಆಫೀಸಿನವರಿಗೂ ದ್ವಿಜ್ವಾಲೆಯ ಬಗ್ಗೆ ಉಪನ್ಯಾಸ ಕೊಟ್ಟೆ.

ಭಾನುವಾರ ಮಾವ ಬಂದರು. ಮೇಷ್ಟ್ರು ಪೇಪರು ಮಡಿಸಿಟ್ಟರು. ನಾನು ಉಸಿರು ಬಿಗಿಹಿಡಿದು, ಊದಿದ ಕಾಲನ್ನೇ ಎತ್ತಿ ಒದ್ದೆ. ಒಂದೇ ಏಟು. ಗಜರಾಜ ಗುಡುಗುಡು ಎಂದು ಎದ್ದ.

"ನೋಡಿ ಮಾವ, ಎರಡು ಪ್ಲಗ್ಗಿನ ಮಹಿಮೆ."

ಮಾವ ಮಂಡಿ ಹಿಡಿದುಕೊಂಡು ಬಗ್ಗಿ, ಟ್ಯಾಂಕಿನ ಕೆಳಗೆ ಇಣುಕಿದರು. "ಅಳಿಯಂದಿರೇ, ಎರಡನೇದಕ್ಕೆ ವೈರೇ ಇಲ್ವಲ್ಲ."

ಹೆಂಡತಿ ತನ್ನ ಬ್ಯಾಗಿನಿಂದ ವೈರು ತೆಗೆದು ಅಪ್ಪನ ಕೈಗಿಟ್ಟಳು. "ಗಾಡಿ ಇವರನ್ನ ಒದ್ದಿದ್ದು ಕಿಟಕಿಯಿಂದ ನೋಡ್ದೆ. ಅವತ್ತೇ ಕಿತ್ತೆ."

"ಮತ್ತೆ ಈಗ ನಾನು ಒದ್ದಾಗ?"

"ನೀವು ಹಾಲು ತರೋಕೆ ಹೋದಾಗ ಇಂಜಿನ್ ಬಿಸಿ ಮಾಡಿ, ಯಾರು ಒದ್ದರೂ ಎದ್ದೇಳೋ ಹಾಗೆ ಪಿಸ್ಟನ್ನು ಸರಿಯಾದ ಜಾಗಕ್ಕೆ ತಂದಿಟ್ಟಿದ್ದೆ ರೀ. ಅಪ್ಪನ ಮುಂದೆ ನಿಮ್ಮ ಮರ್ಯಾದೆ ಹೋಗಬಾರದು ಅಂತ."

ಇಂಜಿನ್ನು ಓಡುತ್ತಿದ್ದುದರಿಂದ ಇದಿಷ್ಟನ್ನೂ ಅವಳು ಕೂಗಿಯೇ ಹೇಳಬೇಕಾಯಿತು. ಮೇಷ್ಟ್ರಿಗೆ ಒಂದಕ್ಷರವೂ ತಪ್ಪಲಿಲ್ಲ.

"ಈ ಪ್ಲಗ್ಗು ಬಿಚ್ಚಿ ಬಿಸಾಕೋಣ ಅಂದ್ರೆ ತೂತು ಬಿದ್ದಿದೆ, ಗಾಳಿ ಹೋಗುತ್ತೆ" ಎಂದು ಮಾವ ಗೊಣಗಿದರು.

"ಇರಲಿ ಬಿಡಪ್ಪ" ಎಂದಳು ಅವಳು, ನನ್ನ ಕಡೆ ನೋಡದೆ. "ಕೆಲಸ ಮಾಡದಿದ್ರೂ ಜಾಗ ಹಿಡಿದು ಕೂತಿದೆಯಲ್ಲ, ಸಾಕು."

ಸೋಮವಾರ ಅವಳು ಎಂದಿನಂತೆ ಶುರು ಮಾಡಿ, ಗಾಡಿಯನ್ನು ನನ್ನ ಕೈಗೆ ಕೊಡಲು ಬಂದಳು. ನಾನು ತಲೆ ತಗ್ಗಿಸಿಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಜಾಗ ಹಿಡಿದು ಕೂತೆ.

ಮೇಷ್ಟ್ರು ಅವತ್ತು ಏನೂ ಕೇಳಲಿಲ್ಲ.