ಗಾಳಿ ತಡೆದ ಮನೆ

ಜೂನ್ ಹನ್ನೊಂದು, ಮಂಗಳವಾರ. ಆಕಾಶ ಶುಭ್ರವಾಗಿತ್ತು, ಎಲೆ ಅಲುಗಾಡುವಷ್ಟೂ ಗಾಳಿಯಿರಲಿಲ್ಲ. ಚಂಡಮಾರುತ ಬಂದುಹೋಗಿ ಒಂಬತ್ತು ದಿನವಾದ್ದರಿಂದ ತುರ್ತು ಪರಿಶೀಲನಾ ತಂಡವು ಅಂದು ನಮ್ಮ ಬೀದಿಗೆ ಆಗಮಿಸಿತು. ಇಪ್ಪತ್ತು ಮನೆಗಳಲ್ಲಿ ‘ಗಾಳಿ ನಿರೋಧಕ’ ಎಂಬ ಪ್ರಮಾಣಪತ್ರ ಪಡೆದಿದ್ದ ಹತ್ತೊಂಬತ್ತರ ಸೂರು ಹಾರಿಹೋಗಿತ್ತು. ತಗಡಿನ ಸೂರು ಹಾಕುವ ಮೇಸ್ತ್ರಿಯ ಪ್ರಮಾಣಪತ್ರವಿಲ್ಲದ ಮನೆಯೊಂದೇ ಅನಧಿಕೃತವಾಗಿ ನಿಂತಿತ್ತು. ಬೀದಿಯವರೆಲ್ಲ ಅದರೊಳಗೇ ಇದ್ದರು.

ತಂಡದ ಎಂಜಿನಿಯರರು ಮೇಸ್ತ್ರಿಗೆ ನಮೂನೆ ಕೊಟ್ಟರು. ‘ಮನೆಯು ಗಾಳಿಯನ್ನು ತಡೆಯಿತೇ?’ ಎಂಬಲ್ಲಿ ಮೇಸ್ತ್ರಿ ಹೆಮ್ಮೆಯಿಂದ ‘ತಡೆಯಿತು’ ಎಂದು ಬರೆದು ಸಹಿ ಹಾಕಿದ.

“ಹಾಗಾದ್ರೆ ತಪ್ಪು ಒಪ್ಕೊಂಡ್ರಿ,” ಎಂದರು ಎಂಜಿನಿಯರರು.

“ಯಾವ ತಪ್ಪು ಸ್ವಾಮಿ?”

“ಗಾಳಿ ತನ್ನ ಪಾಡಿಗೆ ತಾನು ನೆಟ್ಟಗೆ ಹೋಗ್ತಿತ್ತು. ನೀವು ತಡೆದ್ರಿ. ಅದು ಪಕ್ಕದವರ ಮೇಲೆ ತಿರುಗ್ತು.”

“ಅಯ್ಯೋ, ಮನೆ ತಡ್ಕೊಳ್ತು ಅನ್ನೋ ಅರ್ಥದಲ್ಲಿ ಬರೆದೆ!”

“ತಡ್ಕೊಳ್ಳೋದಕ್ಕೆ ನಮೂನೇಲಿ ಜಾಗ ಇಲ್ಲ.”

ಒಲೆಯ ಮುಂದಿದ್ದ ಮೇಸ್ತ್ರಿಯ ಹೆಂಡತಿ ತಡೆಯಲಾರದೆ ಹೇಳಿದಳು: “ಇವರು ಸೂರಿನ ಒಂದೊಂದು ತಗಡಿನ ಹಾಳೆಗೆ ಹನ್ನೆರಡು ಬೋಲ್ಟು ಹಾಕಿದಾರೆ ಸಾರ್. ಅದಕ್ಕೇ ನಿಂತಿದೆ.”

ಎಂಜಿನಿಯರರ ಮುಖ ಗಂಭೀರವಾಯಿತು. ಹಾಳೆಗೆ ಅನುಮೋದಿತ ಸಂಖ್ಯೆ ನಾಲ್ಕು. ಏಣಿ ತರಿಸಿ ಎಣಿಸಲಾಯಿತು. ಮೂವತ್ತೆರಡು ಹಾಳೆಗಳಲ್ಲಿ ಇನ್ನೂರ ಐವತ್ತಾರು ಬೋಲ್ಟುಗಳು ಹೆಚ್ಚುವರಿ. ಅವನ್ನು ಕೂಡಲೇ ಬಿಚ್ಚಿ ಇಲಾಖೆಗೆ ಒಪ್ಪಿಸತಕ್ಕದ್ದು. ತಪ್ಪಿದಲ್ಲಿ ಮನೆ ಕೆಡವಲಾಗುವುದು. ಅಲ್ಲಿಯವರೆಗೆ ಉಳಿದ ಹತ್ತೊಂಬತ್ತು ಮನೆಗಳಿಗೆ ಪರಿಹಾರವಿಲ್ಲ ಎಂದು ಆದೇಶವಾಯಿತು.

ಅದೇ ಸೂರಿನಡಿ ಚಾಪೆಯ ಮೇಲೆ ಮಲಗಿದ್ದ ಪಕ್ಕದ ಮನೆಯ ಯಜಮಾನರು ಎದ್ದು ಕೂತರು. “ಬಿಚ್ಚಿಬಿಡಪ್ಪಾ. ನಿನ್ನೊಬ್ಬನ ಮನೆ ನಿಂತ್ಕೊಂಡು ನಮ್ಮೆಲ್ಲರ ಪರಿಹಾರಕ್ಕೆ ಕಲ್ಲು ಹಾಕ್ತಿದೆ.”

ಮೇಸ್ತ್ರಿ ಬಿಚ್ಚಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಬೋಲ್ಟುಗಳನ್ನೂ ಮೇಸ್ತ್ರಿಯನ್ನೂ ಇಲಾಖೆಯ ಜೀಪು ಒಯ್ದಿತು.

ನಾಲ್ಕು ದಿನದ ಮೇಲೆ ಅವನು ಪ್ರಮಾಣಪತ್ರ ಹಿಡಿದು ಮರಳಿದ.

“ಎಲ್ಲಿದ್ರಿ ಇಷ್ಟು ದಿನ?” ಎಂದಳು ಹೆಂಡತಿ.

“ಎಂಜಿನಿಯರ್ ಸಾಹೇಬರ ಹೊಸ ಮನೆಗೆ ಸೂರು ಹಾಕ್ದೆ. ಇಪ್ಪತ್ತೊಂದು ಹಾಳೆ.”

“ಹಾಳೆಗೆ ನಾಲ್ಕು ಬೋಲ್ಟಾ?”

“ಹನ್ನೆರಡು, ನಮ್ಮ ಸೂರಿನವೇ. ಅದು ಮನೆ ಅಲ್ವಂತೆ ಕಣೆ, ಪ್ರಯೋಗವಂತೆ.”

“ಸರಿ, ಕೂಲಿ?”

“ಪ್ರಮಾಣಪತ್ರದ ಶುಲ್ಕಕ್ಕೆ ವಜಾ ಮಾಡ್ಕೊಂಡ್ರು. ಮಿಕ್ಕಿದ್ದು ಕೈಗೆ ಕೊಟ್ರು.”

ಅವನು ಮುಷ್ಟಿ ಬಿಚ್ಚಿದ. ಲೆಕ್ಕ ಸರಿಯಾಗಿತ್ತು: ನಾಲ್ಕು ಬೋಲ್ಟು.