ಹಾಲಿನ ಗೋಡೆಯ ಹಸು

ಗೋಡೆಗೆ ಮೊಳೆ ಹೊಡೆಯುವ ಮುಂಚೆ ಮನುಷ್ಯ ಸ್ವಲ್ಪ ಯೋಚಿಸಬೇಕು. ಹೊಡೆದಮೇಲೆ ಅದಕ್ಕೆ ಏನಾದರೂ ತೂಗುಹಾಕಲೇಬೇಕು, ತೂಗುಹಾಕಿದ್ದನ್ನು ಬಂದವರೆಲ್ಲ ನೋಡುತ್ತಾರೆ, ನೋಡಿದವರು ಸುಮ್ಮನಿರುವುದಿಲ್ಲ. ನನ್ನ ನೆಮ್ಮದಿ ಹಾಳಾದದ್ದು ಹೀಗೆ, ಒಂದು ಮೊಳೆಯಿಂದ.

ನನ್ನ ಹೆಂಡತಿ ವನಜಾಗೆ ಚಿತ್ರ ಬರೆಯುವ ಆಸೆ ಮದುವೆಗೆ ಮುಂಚಿನದು. ಮಕ್ಕಳು, ಅಡುಗೆ, ನನ್ನ ಕಾಫಿ ಎಂದು ಅದು ಮೂಲೆ ಸೇರಿತ್ತು. ಹೋದ ವರ್ಷ ಕಾರವಾರದ ಕಡೆ ಹೋಗಿಬಂದವಳೇ ಎಣ್ಣೆಬಣ್ಣ ತರಿಸಿ ಕೂತಳು. ಕಡಲದಂಡೆ, ಬಾಗಿದ ತೆಂಗು, ಮರಳಲ್ಲಿ ನಿಂತ ದನಗಳು. ಮುಂದಿದ್ದ ಕೆಂದ ಹಸುವಂತೂ ಬಾಲ ಬೀಸಿದರೆ ನಮ್ಮ ಸೋಫಾಕ್ಕೆ ತಗಲಬೇಕು, ಹಾಗಿತ್ತು! ನನಗೆ ನಿಜಕ್ಕೂ ಹೆಮ್ಮೆಯಾಗಿ, ಹಾಲಿನ ನಡುಗೋಡೆಗೆ ನಾನೇ ಮೊಳೆ ಹೊಡೆದೆ.

ಆದರೆ ನಮ್ಮದು ತಿಪಟೂರು. ಇಲ್ಲಿ ಚಿತ್ರ ನೋಡಲು ಬಂದವರು ಚಿತ್ರವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನೋಡುತ್ತಾರೆ. ಪಕ್ಕದ ಮನೆಯವರು, "ಬೋರನಕಣಿವೆ ಡ್ಯಾಮಾ? ಚೆನ್ನಾಗಿ ತುಂಬಿದೆ ಕಣ್ರೀ" ಎಂದರು. ಕೊಬ್ಬರಿ ಮಂಡಿಯ ಗೆಳೆಯನೊಬ್ಬ ಮರದ ನೆತ್ತಿ ದಿಟ್ಟಿಸಿ, ಕಾಯಿಗೆ ನುಸಿ ಹತ್ತಿದೆ ಎಂದ. ಇದೆಲ್ಲ ನಕ್ಕು ಸಹಿಸಿದೆ. ಹಂದನಕೆರೆಯಿಂದ ನಮ್ಮ ದೊಡ್ಡಪ್ಪ ಬಂದರು ನೋಡಿ, ಅಲ್ಲಿಗೆ ನಗು ನಿಂತಿತು. ದನ ಕೊಳ್ಳುವವರು ಸುಳಿ ನೋಡಿಸಲು ಕರೆದೊಯ್ಯುತ್ತಿದ್ದುದು ಅವರನ್ನೇ. ಮೈಮೇಲಿನ ಕೂದಲು ಎಲ್ಲಿ ಸುತ್ತಿದೆ ಎಂದು ನೋಡಿ, ಆ ಹಸು ಮನೆಗೆ ಆಗಿಬರುತ್ತೋ ಇಲ್ಲವೋ ಹೇಳುವವರು. ಕಾಫಿ ಲೋಟ ಕೆಳಗಿಟ್ಟು, ಕನ್ನಡಕ ಏರಿಸಿ, ಹಸುವಿನ ಮುಖಕ್ಕೆ ಮುಖ ಕೊಟ್ಟು ನಿಂತರು.

"ಲೇ, ಇದನ್ಯಾಕ್ಲಾ ಮನೆಯೊಳಕ್ಕೆ ಬುಟ್ಕೊಂಡೆ? ಕಣ್ಣಿನ ಕೆಳಗೆ ಸುಳಿ ಐತೆ ಕಣ್ಲಾ. ಮನೆಗೆ ಒಳ್ಳೇದಲ್ಲ."

"ದೊಡ್ಡಪ್ಪ, ಅದು ಬರೀ ಬಣ್ಣ."

"ಬಣ್ಣ ಚೆನ್ನಾಗೇ ಐತೆ ಕಣಪ್ಪ, ಬಣ್ಣಕ್ಕೆ ನಾನೇನಂದೆ? ಸುಳಿ ಕೆಟ್ಟದ್ದು. ಸಾಗಹಾಕು."

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಜೋರಾಗಿ ನಕ್ಕೆ. ಸಂಜೆ ಮಿಕ್ಸಿ ಸುಟ್ಟಿತು. ಮರುದಿನ ಸ್ಕೂಟರ್ ಪಂಕ್ಚರ್. ಮನೆಗೆ ಬಂದವನೇ ಮೊದಲು ಹಸುವಿನ ಕಣ್ಣಿನ ಕೆಳಗೆ ನೋಡಿದೆ. ಸೋಫಾದ ಈ ತುದಿಯಲ್ಲಿ ಕೂತರೂ ಹಸು ನನ್ನನ್ನೇ ನೋಡುತ್ತದೆ, ಆ ತುದಿಗೆ ಸರಿದರೂ ಅಷ್ಟೇ. ಪೇಪರ್ ಅಡ್ಡ ಹಿಡಿದರೆ ಒಂದಕ್ಷರ ತಲೆಗೆ ಹತ್ತದು. ಎದ್ದು ಅಡ್ಡಾಡುವುದು, ಮತ್ತೆ ಬಂದು ಕೂರುವುದು, ಇದೇ ಆಯಿತು. ಕೊನೆಗೆ ತಡೆಯಲಾರದೆ ವನಜಾ ಹತ್ತಿರ ಹೋಗಿ, "ಆ ಕಣ್ಣಿನ ಕೆಳಗೆ ಚೂರು ಕೆಂಪು ಬಳಿದರೆ ಮುಖ ಇನ್ನೂ ಕಳೆಯಾಗಿರುತ್ತಲ್ವಾ?" ಎಂದೆ.

ಅವಳಿಗೆ ತಕ್ಷಣ ಅರ್ಥವಾಯಿತು. "ಕಂಡಿದ್ದನ್ನ ಕಂಡಹಾಗೇ ಬರೆದಿದ್ದೀನಿ ಕಣ್ರೀ. ಅದನ್ನ ಅಳಿಸಿದ್ರೆ ಇನ್ನು ಈ ಜನ್ಮದಲ್ಲಿ ಬ್ರಷ್ ಮುಟ್ಟಲ್ಲ," ಎಂದಳು. ನನಗೆ ಪಾಪ ಅನ್ನಿಸಿತು, ಭಯವೂ ಹೋಗಲಿಲ್ಲ.

ಮುಂದಿನ ಭಾನುವಾರ ದೊಡ್ಡಪ್ಪ ಮತ್ತೆ ಬಂದರು. "ಇನ್ನೂ ಸಾಗಹಾಕಿಲ್ವೇನ್ಲಾ?" ಎಂದು ಶುರುಮಾಡುವಷ್ಟರಲ್ಲಿ ವನಜಾ ಅಡುಗೆಮನೆಯಿಂದ ಬಂದವಳೇ ನನ್ನ ತಲೆಯನ್ನು ಹಿಡಿದು ಬಗ್ಗಿಸಿದಳು.

"ಮಾವ, ಇದನ್ನೂ ಒಂಚೂರು ನೋಡಿಬಿಡಿ. ನೆತ್ತಿ ಮೇಲೆ ಎರಡು ಸುಳಿ. ಎರಡು ಮದುವೆ ಆಗೋ ಗಂಡು, ಬೇಡ ಅಂತ ನಮ್ಮೂರೋರೆಲ್ಲ ಹೇಳಿದ್ರು. ಆದ್ರೂ ಇಷ್ಟು ವರ್ಷ ಸಾಕಿಲ್ವಾ? ಸಾಗಹಾಕೋದಾದ್ರೆ ಎರಡನ್ನೂ ಒಟ್ಟಿಗೇ ಸಾಗಹಾಕೋಣ!"

ದೊಡ್ಡಪ್ಪ ಕನ್ನಡಕ ಏರಿಸಿದರು. ನನ್ನ ಉಳಿದಷ್ಟು ಕೂದಲನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿ, "ಹಸು ಇರ್ಲಿ ಬುಡವ್ವ, ಸಾಧು ಥರ ಕಾಣ್ತದೆ," ಎಂದರು.

ನನ್ನ ಬಗ್ಗೆ ಮಾತ್ರ ಏನೂ ಹೇಳಲಿಲ್ಲ.